ಬೇಹುಗಾರನನ್ನು ನಂಬುವವರು, ನಗೆಗೆ ಹೆದರುವವರು

ಕಡೂರು ತಾಲೂಕಿನ ಎಮ್ಮೆದೊಡ್ಡಿಯಲ್ಲಾಗಲಿ, ಮದಗದ ಕೆರೆಯ ಆಸುಪಾಸಿನ ಹಳ್ಳಿಗಳಲ್ಲಾಗಲಿ ಒಂದು ಸಿನೆಮಾ ನೋಡಬೇಕಾದರೆ ಹಿಂದೆ ಕಡೂರಿಗೋ ಬೀರೂರಿಗೋ ಹೋಗಬೇಕಾಗಿತ್ತು. ತರೀಕೆರೆ, ಅಜ್ಜಂಪುರಗಳ ಅನೇಕ ಮುಸ್ಲಿಮ್ ಮನೆಗಳಲ್ಲಿ ಹಾಗೆ ಹೋಗುವುದು ಹಿರಿಯರ ಕಣ್ಣು ತಪ್ಪಿಸಿ ಮಾಡುವ ಕೆಲಸವಾಗಿತ್ತು. ಆ ಬಳಿಕ ಬಾಡಿಗೆಯ ವೀಡಿಯೊ ಬಂತು, ಕೇಬಲ್ ಬಂತು, ಸಂತೆಯ ಮೂಲೆಯಲ್ಲಿ ಅಗ್ಗದ ಸಿ.ಡಿ.ಗಳು ಬಂದವು. ಇಂದು ಹೊಲದ ಬದುವಿನ ಮೇಲೆ ಕುಳಿತ ಹುಡುಗನ ಅಂಗೈಯಲ್ಲಿ ಜಗತ್ತಿನ ಸಿನೆಮಾಗಳೆಲ್ಲ ಇವೆ. ಚಿತ್ರಮಂದಿರದ ಮೆಟ್ಟಿಲು ತುಳಿಯಬಾರದೆಂದು ಮಸೀದಿಯ ಮಿಂಬರ್‌ನಿಂದ ಹೇಳುತ್ತಿದ್ದ ಮಾತಿಗೆ ಈಗ ಹೆಚ್ಚಿನ ಅರ್ಥ ಉಳಿದಿಲ್ಲ. ಮಂದಿರವೇ ಎದ್ದು ಮನೆಯೊಳಗೆ ಬಂದಿದೆ.

ಈ ಬದಲಾವಣೆಗೆ ಸಮುದಾಯವು ತೋರಿದ ಪ್ರತಿಕ್ರಿಯೆ ಎರಡು ವಿಧದ್ದು. ಒಂದು, ಎಲ್ಲವೂ ಹರಾಮ್ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು. ಇನ್ನೊಂದು, ಆ ಮಾತನ್ನು ಶುಕ್ರವಾರ ಕೇಳಿ ಶನಿವಾರ ರಾತ್ರಿ ಏನು ಸಿಕ್ಕಿದರೂ ನೋಡುವುದು. ನೋಡುವುದರ ಒಳಗೆ ಏನಿದೆ, ಅದು ನಮ್ಮ ಮಕ್ಕಳಿಗೆ ಯಾರನ್ನು ನಂಬಲು ಕಲಿಸುತ್ತಿದೆ, ಯಾರನ್ನು ಸಂಶಯಿಸಲು ಕಲಿಸುತ್ತಿದೆ ಎಂಬ ಪ್ರಶ್ನೆಯನ್ನು ಮೊದಲನೆಯವರು ಕೇಳುವುದಿಲ್ಲ, ಎರಡನೆಯವರಿಗೆ ಅದು ಹೊಳೆಯುವುದೇ ಇಲ್ಲ. ನಾವು ಇಲ್ಲಿ ಒಂದೇ ಬಗೆಯ ಚಿತ್ರಗಳನ್ನು ಎತ್ತಿಕೊಂಡು ಈ ಪ್ರಶ್ನೆಯನ್ನು ಕೇಳಬಯಸುತ್ತೇವೆ. ಅವು ಬೇಹುಗಾರರ ಚಿತ್ರಗಳು ಮತ್ತು ಆ ಬೇಹುಗಾರರನ್ನು ಗೇಲಿ ಮಾಡುವ ಅಣಕು ಚಿತ್ರಗಳು. ನಮ್ಮ ಮನೆಗಳಲ್ಲಿ ಮೊದಲನೆಯವುಗಳನ್ನು ಗಂಭೀರವಾಗಿ ನೋಡಲಾಗುತ್ತದೆ, ಎರಡನೆಯವುಗಳನ್ನು ಕಾಲಹರಣವೆಂದು ತಳ್ಳಲಾಗುತ್ತದೆ. ನಿಜವಾಗಿ ಇದು ತಿರುಗುಮುರುಗಾಗಬೇಕು ಎಂಬುದೇ ನಮ್ಮ ವಾದ.

ಬಾಂಡ್‌ನ ಅಚ್ಚು

ಜೇಮ್ಸ್ ಬಾಂಡ್‌ನ ಮೊದಲ ಚಿತ್ರ 1962ರಲ್ಲಿ ಬಂತು. ಆರೇ ವರ್ಷಗಳಲ್ಲಿ ಅದರ ಅಚ್ಚು ಕನ್ನಡಕ್ಕೂ ತಲುಪಿತು. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ತೆರೆಗೆ ತಂದಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಳಿಕ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಭಕ್ತನಾಗಿ, ರಾಜನಾಗಿ, ರೈತನಾಗಿ ಕನ್ನಡಿಗರು ಕಂಡಿದ್ದ ಡಾ. ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದರು. ಜನ ಸಿಳ್ಳೆ ಹಾಕಿ ನೋಡಿದರು. ಆದರೆ ಕನ್ನಡದ ಪ್ರೇಕ್ಷಕನಿಗೆ ಒಂದು ಒಳ್ಳೆಯ ಗುಣವಿತ್ತು. ಆತ ಆ ಬೇಹುಗಾರನನ್ನು ಮೆಚ್ಚಿದ, ನಂಬಲು ಹೋಗಲಿಲ್ಲ. ‘ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ದಶಕಗಳ ಬಳಿಕ ಮೊಬೈಲ್‌ಗಳಲ್ಲಿ ಹರಿದಾಡಿ ಯುವಕರನ್ನು ನಗಿಸಿತು. ಅದು ಪ್ರೀತಿ ಬೆರೆತ ನಗೆ. 2019ರಲ್ಲಿ ಜಯತೀರ್ಥರ ‘ಬೆಲ್ ಬಾಟಂ’ ಬಂದಾಗ ಪತ್ತೇದಾರನಾಗಬೇಕೆಂಬ ಹುಚ್ಚಿನ ದಿವಾಕರ ಎಂಬ ಪಾತ್ರವನ್ನು ಕಂಡು ಜನ ನಕ್ಕದ್ದೂ ಹೀಗೆಯೇ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಓದಿ ಓದುವ ಚಟ ಹತ್ತಿಸಿಕೊಂಡ ನಾಡಿಗೆ ಕಥೆಯನ್ನು ಕಥೆಯಾಗಿ ಕಾಣುವ ವಿವೇಕ ಇತ್ತು.

ಬೇಹುಗಾರನ ಚಿತ್ರಕ್ಕೆ ಒಂದು ಸಿದ್ಧಸೂತ್ರವಿದೆ. ದೇಶ ಅಪಾಯದಲ್ಲಿದೆ. ಆ ಅಪಾಯ ಸಾಮಾನ್ಯರ ಕಣ್ಣಿಗೆ ಕಾಣುವುದಿಲ್ಲ, ಒಬ್ಬ ವೀರನಿಗೆ ಮಾತ್ರ ಕಾಣುತ್ತದೆ. ಆತ ಕಾನೂನಿಗೆ ಬದ್ಧನಲ್ಲ, ಯಾರ ಮನೆಗಾದರೂ ನುಗ್ಗಬಹುದು, ಯಾರನ್ನಾದರೂ ಹೊಡೆಯಬಹುದು, ಕೊಲ್ಲಬಹುದು. ಸಾಕ್ಷ್ಯ ಬೇಕಾಗಿಲ್ಲ, ಅವನ ಗುಮಾನಿಯೇ ಸಾಕ್ಷ್ಯ. ಕೊನೆಯಲ್ಲಿ ಅವನ ಗುಮಾನಿ ನಿಜವಾಗಿಯೇ ತೀರುತ್ತದೆ, ಏಕೆಂದರೆ ಕಥೆ ಬರೆದವರು ಹಾಗೆ ಬರೆದಿರುತ್ತಾರೆ. ಈ ಸೂತ್ರದಲ್ಲಿ ಅತ್ಯಂತ ಅಪಾಯಕಾರಿಯಾದುದು ಬಂದೂಕಲ್ಲ. ಗುಮಾನಿ ಎಂದೂ ತಪ್ಪಾಗುವುದಿಲ್ಲ ಎಂಬ ನಂಬಿಕೆಯೇ ಅತ್ಯಂತ ಅಪಾಯಕಾರಿ.

ಅಣಕು ಚಿತ್ರ ಕೈಹಾಕುವುದು ಸರಿಯಾಗಿ ಈ ನಂಬಿಕೆಗೇ. ಬೇಹುಗಾರರ ಸಿನೆಮಾವನ್ನು ಗೇಲಿ ಮಾಡಿದ ಮೂರು ಮೂರು ಚಿತ್ರಗಳ ಸರಣಿಗಳು ಜಗತ್ತಿನಲ್ಲಿ ಹಲವು ಬಂದಿವೆ. ಹಾಲಿವುಡ್‌ನಲ್ಲಿ ಮೈಕ್ ಮೈಯರ್ಸ್ ನಟಿಸಿದ ಆಸ್ಟಿನ್ ಪವರ್ಸ್ ಚಿತ್ರಗಳು 1997, 1999 ಮತ್ತು 2002ರಲ್ಲಿ ಬಂದವು. ಮೊದಲ ಚಿತ್ರ ಚಿತ್ರಮಂದಿರಗಳಲ್ಲಿ ಸಾಧಾರಣ ಗಳಿಕೆಯದ್ದು. ಅದು ಮನೆಮಾತಾದದ್ದು ಮನೆಯ ವೀಡಿಯೊದ ಮೂಲಕ. ಎಷ್ಟರ ಮಟ್ಟಿಗೆಂದರೆ, ಮೊದಲ ಚಿತ್ರ ಅಮೆರಿಕದಲ್ಲಿ ಒಟ್ಟು ಗಳಿಸಿದ್ದಕ್ಕಿಂತ ಹೆಚ್ಚನ್ನು ಎರಡನೆಯ ಚಿತ್ರ ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲೇ ಗಳಿಸಿತು. ಅದರ ಖಳನಾಯಕ ಮೂವತ್ತು ವರ್ಷ ಮಂಜಿನಲ್ಲಿ ಹೆಪ್ಪುಗಟ್ಟಿದ್ದು ಎಚ್ಚೆತ್ತವನು. ಇಡೀ ಜಗತ್ತನ್ನು ಒತ್ತೆಯಿಟ್ಟು ಹತ್ತು ಲಕ್ಷ ಡಾಲರ್ ಕೇಳುತ್ತಾನೆ. ಅವನ ಸ್ವಂತ ಕಂಪೆನಿಯೇ ವರ್ಷಕ್ಕೆ ಅದರ ಸಾವಿರಾರು ಪಟ್ಟು ಗಳಿಸುತ್ತಿದೆ ಎಂದು ಅವನ ಸಹಚರನೇ ತಿಳಿಸಬೇಕಾಗುತ್ತದೆ. ನಗೆಯ ಮರೆಯಲ್ಲಿ ಒಂದು ಸತ್ಯವಿದೆ: ಜಗತ್ತನ್ನು ದೋಚಲು ಗುಹೆಯಲ್ಲಿ ಕುಳಿತ ಖಳನಾಯಕ ಬೇಕಾಗಿಲ್ಲ, ನೋಂದಾಯಿತ ಕಂಪೆನಿ ಸಾಕು. ಈ ಅಣಕಿನ ಬಳಿಕ ಹಳೆಯ ಶೈಲಿಯಲ್ಲಿ ಬಾಂಡ್ ಚಿತ್ರ ಮಾಡುವುದು ಕಷ್ಟವಾಯಿತೆಂದು ಬಾಂಡ್ ಪಾತ್ರಧಾರಿ ಡೇನಿಯಲ್ ಕ್ರೇಗ್ ಅವರೇ ಹೇಳಿದ್ದಾರೆ.

ಆಸ್ಟಿನ್ ಪವರ್ಸ್ ಚಿತ್ರಗಳನ್ನು ಮನೆಯಲ್ಲಿ ಕುಳಿತು ನೋಡಿರೆಂದು ನಾವು ಹೇಳುತ್ತಿಲ್ಲ. ಅವು ಅಶ್ಲೀಲ ಮಾತು ಮತ್ತು ಸನ್ನೆಗಳಿಂದ ತುಂಬಿವೆ; ತಂದೆ-ತಾಯಿ, ಮಕ್ಕಳು ಒಟ್ಟಿಗೆ ನೋಡುವಂಥವಲ್ಲ. ಬಾಂಡ್‌ನ ಲಂಪಟತನವನ್ನು ಗೇಲಿ ಮಾಡುವ ನೆಪದಲ್ಲಿ ಅದನ್ನೇ ಮಾರಿದ್ದು ಅವುಗಳ ದೊಡ್ಡ ದೋಷ. ಆದರೆ ನಗೆ ಅಶ್ಲೀಲವಾಗಿಯೇ ಇರಬೇಕೆಂದೇನಿಲ್ಲ. ‘ಮಿಸ್ಟರ್ ಬೀನ್’ ಎಂದು ನಮ್ಮ ಮಕ್ಕಳು ಬಲ್ಲ ರೋವನ್ ಅಟ್ಕಿನ್ಸನ್ 2003, 2011 ಮತ್ತು 2018ರಲ್ಲಿ ‘ಜಾನಿ ಇಂಗ್ಲಿಷ್’ ಎಂಬ ಮೂರು ಚಿತ್ರಗಳಲ್ಲಿ ಕಾಣಿಸಿಕೊಂಡರು. ಉಳಿದ ಗೂಢಚಾರರೆಲ್ಲ ಸತ್ತುದರಿಂದ ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತ ಬೇಹುಗಾರನಾಗುತ್ತಾನೆ. ಅವನಲ್ಲಿರುವುದು ಅಪಾರ ಆತ್ಮವಿಶ್ವಾಸ, ಇಲ್ಲದ್ದು ವಿವೇಕ. ಅಮಾಯಕರನ್ನು ಹಿಡಿದು ತಾನು ದೇಶ ಕಾಯುತ್ತಿದ್ದೇನೆಂದು ಬೀಗುವ ಆ ಮುಖವನ್ನು ನಾವು ಬೇರೆಲ್ಲೋ ಕಂಡಿದ್ದೇವಲ್ಲವೇ? ಮೂರನೆಯ ಚಿತ್ರದ ಖಳನಾಯಕ ಒಬ್ಬ ತಂತ್ರಜ್ಞಾನದ ಕೋಟ್ಯಧಿಪತಿ. ದೇಶದ ಪ್ರಧಾನಿಯೇ ಅವನ ಕೈಗೆ ನಾಡಿನ ಮಾಹಿತಿಯನ್ನೆಲ್ಲ ಒಪ್ಪಿಸಲು ಹೊರಡುತ್ತಾರೆ. ಹತ್ತು ಗಂಭೀರ ಲೇಖನಗಳು ಹೇಳಬೇಕಾದ ಮಾತನ್ನು ಆ ನಗೆ ಹೇಳಿತು.

ಗಫೂರ್‌ಕಾನ ದೋಣಿ

ನಮಗೆ ಇನ್ನೂ ಹತ್ತಿರದ ಸರಣಿ ಮಲಯಾಳದ್ದು. ಕಾಸರಗೋಡು, ಮಂಗಳೂರು ಭಾಗದ ಕುಟುಂಬಗಳಿಗೆ ಮಾತ್ರವಲ್ಲ, ಮಲೆನಾಡಿನಲ್ಲಿ ಮಲಯಾಳ ಬಲ್ಲ ಮನೆಗಳಿಗೂ ದಾಸನ್ ಮತ್ತು ವಿಜಯನ್ ಗೊತ್ತು. ಮೋಹನ್‌ಲಾಲ್ ಮತ್ತು ಶ್ರೀನಿವಾಸನ್ ನಟಿಸಿದ ‘ನಾಡೋಡಿಕ್ಕಾಟ್ಟ್’ 1987ರಲ್ಲಿ, ‘ಪಟ್ಟಣಪ್ರವೇಶಂ’ 1988ರಲ್ಲಿ, ‘ಅಕ್ಕರೆ ಅಕ್ಕರೆ ಅಕ್ಕರೆ’ 1990ರಲ್ಲಿ ಬಂದವು. ಮೊದಲ ಎರಡನ್ನು ಸತ್ಯನ್ ಅಂತಿಕ್ಕಾಡ್, ಮೂರನೆಯದನ್ನು ಪ್ರಿಯದರ್ಶನ್ ನಿರ್ದೇಶಿಸಿದರು. ಕೆಲಸವಿಲ್ಲದ ಇಬ್ಬರು ಯುವಕರು ದುಬೈಗೆ ಹೋಗಲು ಗಫೂರ್‌ಕಾ ಎಂಬ ಏಜೆಂಟನ ಕೈಗೆ ಹಣ ಸುರಿಯುತ್ತಾರೆ. ಆತ ಅವರಿಗೆ ಅರಬರ ಉಡುಪು ತೊಡಿಸಿ, ಸಲಾಮ್ ಹೇಳಲು ಕಲಿಸಿ, ದೋಣಿಯಲ್ಲಿ ಕರೆದೊಯ್ದು ಮದ್ರಾಸಿನ ಕಡಲ ದಂಡೆಯಲ್ಲಿ ಇಳಿಸಿ ಮಾಯವಾಗುತ್ತಾನೆ. ಅಲ್ಲಿ ಅನಂತನ್ ನಂಬಿಯಾರ್ ಎಂಬ ಕಳ್ಳಸಾಗಣೆದಾರ ಈ ಇಬ್ಬರನ್ನು ಮಾರುವೇಷದ ಸಿ.ಐ.ಡಿ.ಗಳೆಂದು ತಿಳಿಯುತ್ತಾನೆ. ಮುಂದಿನ ಕಥೆಯೆಲ್ಲ ಆ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತದೆ.

ಇಲ್ಲಿ ನಮ್ಮವರಲ್ಲಿ ಕೆಲವರು ಆಕ್ಷೇಪಿಸುವುದುಂಟು. ಮೋಸಗಾರನ ಪಾತ್ರವನ್ನು ಮುಸ್ಲಿಮನಿಗೇ ಏಕೆ ಕೊಡಬೇಕಿತ್ತು? ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರವನ್ನೂ ಪ್ರಾಮಾಣಿಕವಾಗಿ ಕೊಡಬೇಕು. ಗಲ್ಫ್ ವೀಸಾದ ಹೆಸರಿನಲ್ಲಿ ನಮ್ಮ ಹುಡುಗರ ತಾಯಂದಿರ ಬಳೆ, ಸರ ಮಾರಿಸಿದ ಏಜೆಂಟರು ನಮ್ಮ ಮೊಹಲ್ಲಾಗಳಲ್ಲಿ ಇರಲಿಲ್ಲವೇ? ಆ ಚಿತ್ರದಲ್ಲಿ ದೊಡ್ಡ ಪಾತಕಿ ಗಫೂರ್‌ಕಾ ಅಲ್ಲ, ಪ್ರತಿಷ್ಠಿತ ಮನೆತನದ ನಂಬಿಯಾರ್. ಕಥಾನಾಯಕರು ಸೋಮಾರಿಗಳು, ಬಾಯಿಬಡುಕರು. ನಗೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆ. ಮಾಮುಕ್ಕೋಯ ಆ ಪಾತ್ರಕ್ಕೆ ತುಂಬಿದ ಜೀವದಿಂದಾಗಿಯೇ ಕೇರಳದ ಎಲ್ಲ ಜಾತಿ-ಧರ್ಮಗಳ ಜನ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. 2023ರಲ್ಲಿ ಅವರು ತೀರಿಕೊಂಡಾಗ ಕೇರಳ ಕಳೆದುಕೊಂಡದ್ದು ಮನೆಯವನಂಥ ನಟನನ್ನು. ನಗೆಗೆ ಗುರಿಯಾದ ಮುಸ್ಲಿಮನು ಹೀಗೆ ಮನುಷ್ಯನಾಗಿ ಉಳಿಯುತ್ತಾನೆ. ಗಂಭೀರ ಬೇಹುಗಾರ ಚಿತ್ರದ ಮುಸ್ಲಿಮನಿಗೆ ಆ ಭಾಗ್ಯವಿಲ್ಲ.

ಈ ಚಿತ್ರದ ತಿರುಳಾದರೋ ನಂಬಿಯಾರ್‌ನ ಭಯ. ಹಸಿದ ಇಬ್ಬರು ನಿರುದ್ಯೋಗಿಗಳು ಸಿ.ಐ.ಡಿ.ಗಳಾದದ್ದು ತಮ್ಮ ಸಾಮರ್ಥ್ಯದಿಂದಲ್ಲ. ಭಯಗೊಂಡ ಒಂದು ಮನಸ್ಸು ಅವರನ್ನು ಹಾಗೆಂದು ತೀರ್ಮಾನಿಸಿತು. ಆ ಬಳಿಕ ಅವರು ಏನು ಮಾಡಿದರೂ, ತರಕಾರಿ ಮಾರಿದರೂ, ಅದು ಗೂಢಚರ್ಯೆಯ ಪುರಾವೆಯಾಯಿತು. ಚಿತ್ರದಲ್ಲಿ ಇದು ನಗೆ. ತೆರೆಯ ಹೊರಗೆ ಇದೇ ಕಥೆ ನಡೆದಾಗ ಯಾರೂ ನಗಲಿಲ್ಲ.

ತೆರೆಯಿಂದಿಳಿದ ಕಥೆ

1994ರಲ್ಲಿ ತಿರುವನಂತಪುರದಲ್ಲಿ ಮರಿಯಂ ರಶೀದಾ ಎಂಬ ಮಾಲ್ದೀವ್ಸ್‌ನ ಮಹಿಳೆ ವೀಸಾ ಅವಧಿ ಮೀರಿದ ಕಾರಣಕ್ಕೆ ಬಂಧಿತರಾದರು. ಬೆಂಗಳೂರಿನಲ್ಲಿ ಮಗಳ ಶಿಕ್ಷಣದ ಸಲುವಾಗಿ ಇದ್ದ ಫೌಝಿಯಾ ಹಸನ್ ಕೂಡಾ ಬಂಧಿತರಾದರು. ಇಸ್ರೋದ ರಾಕೆಟ್ ರಹಸ್ಯವನ್ನು ಸುಂದರಿಯರು ಬಾಚಿಕೊಂಡು ಹೋದರೆಂಬ ಕಥೆ ಹುಟ್ಟಿತು. ವಿಜ್ಞಾನಿ ನಂಬಿ ನಾರಾಯಣನ್ ಜೈಲು ಸೇರಿದರು. ಬೆಂಗಳೂರಿನ ಕೆ. ಚಂದ್ರಶೇಖರ್ ಮತ್ತು ಎಸ್.ಕೆ. ಶರ್ಮಾ ಕೂಡಾ ಆರೋಪಿಗಳಾದರು. ಪತ್ರಿಕೆಗಳು ಬಾಂಡ್ ಚಿತ್ರದ ಚಿತ್ರಕಥೆಯನ್ನು ಧಾರಾವಾಹಿಯಾಗಿ ಅಚ್ಚು ಹಾಕಿದವು. 1996ರಲ್ಲಿ ಸಿ.ಬಿ.ಐ. ಈ ಪ್ರಕರಣದಲ್ಲಿ ಹುರುಳಿಲ್ಲವೆಂದು ವರದಿ ಸಲ್ಲಿಸಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಮ್ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂ. ಪರಿಹಾರ ನೀಡಲು ಆದೇಶಿಸಿತು. ಚಂದ್ರಶೇಖರ್ ಆ ತೀರ್ಪನ್ನು ಕೇಳುವ ಮೊದಲೇ ಕಣ್ಮುಚ್ಚಿದರು. 2022ರಲ್ಲಿ ನಂಬಿ ನಾರಾಯಣನ್ ಅವರ ನೋವು ಸಿನೆಮಾ ಆಯಿತು, ಅದು ಆಗಬೇಕಾದುದೇ. ಆದರೆ ಸುಮಾರು ಮೂರು ವರ್ಷ ಪರದೇಶದ ಜೈಲಿನಲ್ಲಿ ಕೊಳೆತ ಆ ಇಬ್ಬರು ಮುಸ್ಲಿಮ್ ಮಹಿಳೆಯರ ಹೆಸರನ್ನು ನಮ್ಮಲ್ಲೇ ಎಷ್ಟು ಜನ ನೆನಪಿಟ್ಟಿದ್ದಾರೆ?

ಎರಡನೆಯ ಉದಾಹರಣೆ ನಮ್ಮ ಚಿಕ್ಕಮಗಳೂರು ಜಿಲ್ಲೆಯದ್ದೇ. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ವೈದ್ಯರಾಗಿದ್ದ ಡಾ. ಮುಹಮ್ಮದ್ ಹನೀಫ್ 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ನಡೆದ ದಾಳಿ ಘೋರ ಅಪರಾಧವಾಗಿತ್ತು. ಅದರಲ್ಲಿ ಪಾಲ್ಗೊಂಡವನು ಹನೀಫ್‌ರ ಸಂಬಂಧಿ ಎಂಬುದೂ ನಿಜ. ಆದರೆ ಹನೀಫ್ ಮಾಡಿದ್ದೇನು? ಬ್ರಿಟನ್ ಬಿಡುವಾಗ ತನ್ನ ಮೊಬೈಲ್ ಸಿಮ್ ಕಾರ್ಡನ್ನು ಆ ಸಂಬಂಧಿಯ ತಮ್ಮನಿಗೆ ಬಿಟ್ಟು ಬಂದದ್ದು. ಆ ಸಿಮ್ ಉರಿಯುತ್ತಿದ್ದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ನಿಜವಾಗಿ ಅದು ನೂರಾರು ಮೈಲಿ ದೂರದ ಲಿವರ್‌ಪೂಲ್‌ನಲ್ಲಿತ್ತು. ಹೋಗುವ ಟಿಕೇಟು ಮಾತ್ರ ಇದ್ದುದು ಸಂಶಯವಾಯಿತು. ಆತ ಬೆಂಗಳೂರಿಗೆ ಹೊರಟದ್ದು ಆಗತಾನೇ ಹುಟ್ಟಿದ ಮಗಳನ್ನು ಕಾಣಲು. ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಕೂಡಿಡಲಾಯಿತು. ನ್ಯಾಯಾಲಯ ಜಾಮೀನು ಕೊಟ್ಟರೆ ಸರಕಾರ ವೀಸಾ ರದ್ದುಪಡಿಸಿತು. ಜುಲೈ 27ರಂದು ಆರೋಪವನ್ನು ಹಿಂತೆಗೆಯಲಾಯಿತು. ಮರು ವರ್ಷ ನ್ಯಾ. ಜಾನ್ ಕ್ಲಾರ್ಕ್ ನಡೆಸಿದ ವಿಚಾರಣೆ ಆತನ ಮೇಲೆ ಆರೋಪ ಹೊರಿಸಿದ್ದೇ ತಪ್ಪೆಂದು ಹೇಳಿತು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಪರಿಹಾರ ನೀಡಿತು.

ಈ ಎರಡೂ ಪ್ರಕರಣಗಳನ್ನು ಜಾನಿ ಇಂಗ್ಲಿಷ್‌ನ ಚಿತ್ರಕಥೆಯಾಗಿ ಬರೆದಿದ್ದರೆ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅಲ್ಲಿಲ್ಲದ ಸಿಮ್, ಇಲ್ಲದ ರಹಸ್ಯ, ಅತಿಯಾದ ಆತ್ಮವಿಶ್ವಾಸದ ಅಧಿಕಾರಿಗಳು. ಆದರೆ ಅದನ್ನು ಬಾಂಡ್‌ನ ಕಥೆಯಾಗಿ ಹೇಳಲಾಯಿತು, ಆದ್ದರಿಂದ ಜನ ನಂಬಿದರು. ಬೇಹುಗಾರನ ಕಥೆಯನ್ನು ನೋಡಿ ನಗಲು ಬಾರದ ಸಮಾಜವು ಅಂಥ ಕಥೆಯನ್ನು ಯಾರು ಹೇಳಿದರೂ ನಂಬುತ್ತದೆ. ಅದರ ಬೆಲೆಯನ್ನು ಕಟ್ಟುವವರು ಮೂಡಿಗೆರೆಯ ವೈದ್ಯನಂಥವರು, ಮಾಲೆಯ ಮಹಿಳೆಯಂಥವರು, ನಂಬಿ ನಾರಾಯಣನ್‌ರಂಥವರು. ಗುಮಾನಿ ಮೊದಲು ಮುಸ್ಲಿಮನ ಬಾಗಿಲು ತಟ್ಟಬಹುದು, ಅಲ್ಲಿಯೇ ನಿಲ್ಲುವುದಿಲ್ಲ.

ಅಮೆರಿಕದ ವಿದ್ವಾಂಸ ಜ್ಯಾಕ್ ಶಾಹೀನ್ 900ಕ್ಕೂ ಹೆಚ್ಚು ಹಾಲಿವುಡ್ ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅರಬರನ್ನು ಸಭ್ಯರಾಗಿ ತೋರಿಸಿದ ಚಿತ್ರಗಳು ಅವುಗಳಲ್ಲಿ ಹನ್ನೆರಡರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಹಿಂದಿ ಚಿತ್ರರಂಗದ ಬೇಹುಗಾರರ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಅಲ್ಲಿ ಮುಸ್ಲಿಮನಿಗೆ ಎರಡು ಪಾತ್ರಗಳು ಮೀಸಲು: ಬಾಂಬು ಇಡುವವನು, ಅಥವಾ ತಾನು ಬಾಂಬು ಇಡುವವನಲ್ಲವೆಂದು ಪ್ರಾಣ ಕೊಟ್ಟು ಸಾಬೀತುಪಡಿಸುವವನು. 2018ರ ‘ರಾಝಿ’ಯ ಸೆಹಮತ್ ತನ್ನ ಸಂಸಾರವನ್ನೇ ಬಲಿ ಕೊಡುತ್ತಾಳೆ. 2019ರ ‘ವಾರ್’ ಚಿತ್ರದ ಖಾಲಿದ್ ತಂದೆಯ ದ್ರೋಹದ ಕಳಂಕವನ್ನು ತೊಳೆಯಲು ಬಂದವನು. ಇವು ಕೆಟ್ಟ ಉದ್ದೇಶದ ಚಿತ್ರಗಳೆಂದು ನಾವು ಹೇಳುವುದಿಲ್ಲ, ‘ರಾಝಿ’ಯಲ್ಲಿ ಮಾನವೀಯತೆ ಧಾರಾಳವಾಗಿದೆ. ಆದರೆ ದೇಶನಿಷ್ಠೆ ಎಂಬುದು ಉಳಿದವರಿಗೆ ಹುಟ್ಟಿನಿಂದಲೇ ಬರುವಾಗ ಒಂದು ಸಮುದಾಯದವರು ಮಾತ್ರ ಪ್ರತಿ ಚಿತ್ರದಲ್ಲೂ ಪರೀಕ್ಷೆ ಬರೆಯಬೇಕೇ? ಇಂಥ ಚಿತ್ರ ನೋಡಿದ ಅಜ್ಜಂಪುರದ ಹುಡುಗ ಶಾಲೆಯಲ್ಲಿ ಗೆಳೆಯರೆದುರು ತಲೆ ತಗ್ಗಿಸುತ್ತಾನೆ. ಏಕೆಂದು ಅವನಿಗೇ ತಿಳಿದಿರುವುದಿಲ್ಲ. ಆ ತಗ್ಗಿದ ತಲೆಯನ್ನು ಎತ್ತುವ ಹೊಣೆ ಮನೆಯ ಹಿರಿಯರದ್ದು.

ಒಂದೇ ಅಧ್ಯಾಯದ ಮೂರು ಆಜ್ಞೆಗಳು

ಇಸ್ಲಾಮ್ ಈ ವಿಷಯದಲ್ಲಿ ಮೌನವಾಗಿಲ್ಲ. ಪವಿತ್ರ ಕುರ್‌ಆನಿನ 49ನೇ ಅಧ್ಯಾಯವಾದ ಅಲ್ ಹುಜುರಾತ್‌ನಲ್ಲಿ ಕೇವಲ 18 ಸೂಕ್ತಗಳಿವೆ. ಅದರ 6ನೇ ಸೂಕ್ತವು ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ಒಪ್ಪಬಾರದೆಂದು ಕಲಿಸುತ್ತದೆ. ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪಪಡಬೇಕಾದೀತು ಎಂಬುದು ಅದರ ಆಶಯ. 11ನೇ ಸೂಕ್ತವು ಒಂದು ಜನಾಂಗ ಇನ್ನೊಂದನ್ನು ಅಪಹಾಸ್ಯ ಮಾಡುವುದನ್ನು ನಿಷೇಧಿಸುತ್ತದೆ. 12ನೇ ಸೂಕ್ತವು ಗುಮಾನಿ, ಬೇಹುಗಾರಿಕೆ ಮತ್ತು ಪರನಿಂದೆ ಈ ಮೂರನ್ನೂ ಒಂದೇ ಸರಪಳಿಯ ಕೊಂಡಿಗಳಾಗಿ ಕಾಣುತ್ತದೆ. ಗುಮಾನಿಯಿಂದ ಇಣುಕು, ಇಣುಕಿನಿಂದ ಚಾಡಿ. ಬೇಹುಗಾರರ ಸಿನೆಮಾ ವೀರಗುಣವೆಂದು ತೋರಿಸುವ ಸರಪಳಿಯೂ ಇದುವೇ.

ಹಾಗಾದರೆ ಅಣಕು ಚಿತ್ರದ ನಗೆಯೂ 11ನೇ ಸೂಕ್ತದ ನಿಷೇಧಕ್ಕೆ ಸೇರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಸೂಕ್ತವು ತಡೆಯುವುದು ಜನರನ್ನು ಕೀಳೆಂದು ಬಗೆದು ಹೀಯಾಳಿಸುವುದನ್ನು. ಬಡವನ ಉಡುಪನ್ನು, ಕರಿಯನ ಬಣ್ಣವನ್ನು, ತೊದಲುವವನ ನಾಲಗೆಯನ್ನು ನೋಡಿ ನಗುವ ಚಿತ್ರ ಯಾವ ಭಾಷೆಯದ್ದಾದರೂ ಅದು ಈ ನಿಷೇಧದ ವ್ಯಾಪ್ತಿಗೆ ಬರುತ್ತದೆ. ಆಸ್ಟಿನ್ ಪವರ್ಸ್ ಚಿತ್ರಗಳಲ್ಲಿ ಕುಳ್ಳನನ್ನೂ ದಢೂತಿ ದೇಹದವನನ್ನೂ ನೋಡಿ ನಗಿಸುವ ದೃಶ್ಯಗಳು ಆ ಜಾತಿಯವು. ಆದರೆ ಅಹಂಕಾರವನ್ನು, ಅಧಿಕಾರದ ಸೋಗನ್ನು, ಸುಳ್ಳು ಶೌರ್ಯವನ್ನು ಬಯಲಿಗೆಳೆಯುವ ನಗೆ ಯಾರನ್ನೂ ಕೀಳು ಮಾಡುವುದಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ತಮಾಷೆ ಮಾಡುತ್ತಿದ್ದರು, ತಮಾಷೆಯಲ್ಲೂ ಸತ್ಯವನ್ನಲ್ಲದೆ ಬೇರೇನನ್ನೂ ಹೇಳುತ್ತಿರಲಿಲ್ಲ ಎಂದು ಹದೀಸ್‌ಗಳಲ್ಲಿದೆ. ನಗೆಗೆ ಇದಕ್ಕಿಂತ ಉತ್ತಮವಾದ ಅಳತೆಗೋಲು ಇಲ್ಲ. ಮೋರೆ ಗಂಟಿಕ್ಕಿಕೊಂಡಿರುವುದೇ ಧರ್ಮನಿಷ್ಠೆ ಎಂದು ತಿಳಿದವರು ಪ್ರವಾದಿಯವರ(ಸ) ಜೀವನಚರಿತ್ರೆಯನ್ನು ಮತ್ತೊಮ್ಮೆ ಓದಲಿ.

ರಾಜ್ಯದ ರಕ್ಷಣೆಗಾಗಿ ಶತ್ರುವಿನ ಚಲನವಲನ ತಿಳಿಯುವುದು ಬೇರೆಯೇ ವಿಷಯ. ಹಿಜರಿ 5ನೇ ವರ್ಷದ ಕಂದಕ ಯುದ್ಧದಲ್ಲಿ ಪ್ರವಾದಿಯವರು(ಸ) ಹಝ್ರತ್ ಹುದೈಫಾ(ರ) ಅವರನ್ನು ಚಳಿಗಾಳಿಯ ರಾತ್ರಿಯಲ್ಲಿ ಶತ್ರುಪಾಳಯಕ್ಕೆ ಕಳುಹಿಸಿದ್ದರು. ಸೇನಾನಿ ಅಬೂಸುಫ್ಯಾನ್ ಬಾಣಕ್ಕೆ ಎಟಕುವಷ್ಟು ಹತ್ತಿರವಿದ್ದರೂ, ಆಜ್ಞೆಯಿಲ್ಲದ ಕಾರಣ ಹುದೈಫಾ(ರ) ಬಾಣ ಬಿಡದೆ ಸುದ್ದಿ ಮಾತ್ರ ತಂದರು. ಸಿನೆಮಾದ ಬೇಹುಗಾರನಿಗೂ ಈ ಬೇಹುಗಾರನಿಗೂ ಇರುವ ಅಂತರ ಅಲ್ಲಿಯೇ ಇದೆ. ಒಬ್ಬ ತಾನೇ ಕಾನೂನು ಎಂದುಕೊಂಡವನು, ಇನ್ನೊಬ್ಬ ಆಜ್ಞೆಯ ಗೆರೆ ದಾಟದವನು. ಯುದ್ಧಕಾಲದ ಈ ಅನುಮತಿಯನ್ನು ಸ್ವಂತ ಪ್ರಜೆಗಳ ಮನೆಯೊಳಗೆ ಇಣುಕಲು ಬಳಸುವ ಆಡಳಿತಗಾರನು ಜನರನ್ನು ಕೆಡಿಸುತ್ತಾನೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಭತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿ. ಹದಿನಾಲ್ಕು ಶತಮಾನಗಳ ಹಿಂದೆ ಕುರ್‌ಆನ್ ಕೊಟ್ಟ ಹಕ್ಕಿಗಾಗಿ ವೃದ್ಧ ಕನ್ನಡಿಗರೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಆ ಹೋರಾಟದಲ್ಲಿ ಸಮುದಾಯದ ಧ್ವನಿ ಎಷ್ಟು ಕೇಳಿಸಿತು?

ನಮ್ಮ ಬೀದಿಯ ಬಾಂಡ್‌ಗಳು

ಇಷ್ಟನ್ನು ಓದಿ ತಲೆದೂಗುವ ಓದುಗರಿಗೆ ಮುಂದಿನ ಮಾತು ಕಹಿಯಾದೀತು. ಬೇಹುಗಾರಿಕೆಯಿಂದ ನೊಂದ ಸಮುದಾಯದೊಳಗೇ ಬೇಹುಗಾರರು ಹುಟ್ಟಿಕೊಂಡಿದ್ದಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಥಳಿಸಿದವರನ್ನು, 2012ರ ಜುಲೈನಲ್ಲಿ ಪಡೀಲ್‌ನ ಹೋಂಸ್ಟೇ ಮೇಲೆ ದಾಳಿ ಮಾಡಿದವರನ್ನು ನಾವು ಖಂಡಿಸಿದೆವು. ಅದನ್ನು ಅನೈತಿಕ ಪೊಲೀಸ್‌ಗಿರಿ ಎಂದು ಕರೆದೆವು. ಹಾಗಾದರೆ ಬುರ್ಖಾ ತೊಟ್ಟ ಯುವತಿ ಸಹಪಾಠಿಯೊಡನೆ ಬಸ್ಸು ನಿಲ್ದಾಣದಲ್ಲಿ ಮಾತಾಡಿದಾಗ ಹಿಂಬಾಲಿಸಿ, ವೀಡಿಯೊ ತೆಗೆದು, ಹೆಸರು-ವಿಳಾಸ ಸಹಿತ ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡುವ ನಮ್ಮ ಹುಡುಗರ ಕೆಲಸಕ್ಕೆ ಏನು ಹೆಸರು? 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ ಗುಂಪೊಂದು ಲಾಡ್ಜಿನ ಕೋಣೆಗೆ ನುಗ್ಗಿ ಅಲ್ಲಿದ್ದ ಜೋಡಿಯ ಮೇಲೆ ಹಲ್ಲೆ ನಡೆಸಿತು. ಮಹಿಳೆಯನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಎಸಗಿದ ಆರೋಪವೂ ಬಂತು. ಮಹಿಳೆ ಮುಸ್ಲಿಮ್, ಬಂಧಿತರೂ ಮುಸ್ಲಿಮರು. ಸಮುದಾಯದ ಮಾನ ಕಾಯಲು ಹೊರಟವರೆಂದು ಹೇಳಿಕೊಂಡವರು ಸಮುದಾಯದ ಮಗಳಿಗೆ ಮಾಡಿದ್ದು ಇದು ಎಂಬುದು ಆರೋಪ. ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಬೇಕೇ?

ಹಝ್ರತ್ ಉಮರ್(ರ) ಅವರ ಕುರಿತು ಒಂದು ಪ್ರಸಂಗ ವರದಿಯಾಗಿದೆ. ರಾತ್ರಿ ಮದೀನಾದಲ್ಲಿ ಸುತ್ತುವಾಗ ಒಂದು ಮನೆಯೊಳಗಿಂದ ಹಾಡು ಕೇಳಿಸಿತು. ಅವರು ಗೋಡೆ ಹತ್ತಿ ನೋಡಿದರು. ಒಳಗೆ ಮದ್ಯವೂ ಇತ್ತು, ಹೆಣ್ಣೂ ಇದ್ದಳು. ಗದರಿಸಿದಾಗ ಆ ಮನುಷ್ಯ ಉತ್ತರಿಸಿದ: ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ಮಾಡಿದ್ದೀರಿ. ಇಣುಕಬಾರದೆಂಬ ಆಜ್ಞೆ ಮೀರಿದಿರಿ, ಬಾಗಿಲಿನಿಂದ ಬರಬೇಕೆಂಬ ಆಜ್ಞೆ ಮೀರಿದಿರಿ, ಅನುಮತಿ ಕೇಳಬೇಕೆಂಬ ಆಜ್ಞೆ ಮೀರಿದಿರಿ. ಖಲೀಫರು ತನ್ನ ತಪ್ಪನ್ನು ಒಪ್ಪಿ, ಸನ್ನಡತೆಯ ವಚನ ಪಡೆದು ಹಿಂದಿರುಗಿದರು. ಅರ್ಧ ಜಗತ್ತನ್ನು ಆಳಿದವರಿಗೆ ಇಲ್ಲದ ಅಧಿಕಾರ ಮೊಬೈಲ್ ಹಿಡಿದ ಮೊಹಲ್ಲಾದ ಯುವಕನಿಗೆ ಎಲ್ಲಿಂದ ಬಂತು? ಅದು ಕುರ್‌ಆನಿನಿಂದ ಬಂದದ್ದಲ್ಲ, ಸುನ್ನತ್‌ನಿಂದ ಬಂದದ್ದಲ್ಲ. ಅದು ಬಂದದ್ದು ಅವನು ಗಂಭೀರವಾಗಿ ನೋಡಿದ ಬೇಹುಗಾರರ ಸಿನೆಮಾಗಳಿಂದ. ತನ್ನ ಗುಮಾನಿಯೇ ಸಾಕ್ಷ್ಯ, ತನ್ನ ಕೋಪವೇ ಕಾನೂನು ಎಂದು ಅವನಿಗೆ ಕಲಿಸಿದ ಗುರು ಬಾಂಡ್. ಅವನನ್ನು ಸಮುದಾಯದ ರಕ್ಷಕನೆಂದು ಹೊಗಳುವ ಹಿರಿಯರು ಆ ಬಾಂಡ್‌ಗೆ ಸಂಬಳ ಕೊಡುವ ಇಲಾಖೆಯವರು.

ಆದ್ದರಿಂದ ನಮ್ಮ ಕುಟುಂಬಗಳ ಮುಂದೆ ನಾವು ಕೆಲವು ಮಾತುಗಳನ್ನು ಇಡುತ್ತೇವೆ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವುದರಿಂದ ಏನೂ ಆಗದು. ಅವರ ಬಳಿ ಕುಳಿತು ನೋಡಿರಿ. ಅಶ್ಲೀಲವಾದುದನ್ನು ಖಂಡಿತವಾಗಿ ತಡೆಯಿರಿ. ಆದರೆ ಬೇಹುಗಾರನ ಚಿತ್ರ ಮುಗಿದಾಗ ಮೂರು ಪ್ರಶ್ನೆ ಕೇಳಿರಿ: ಅವನಿಗೆ ಪುರಾವೆ ಎಲ್ಲಿ ಸಿಕ್ಕಿತು? ಖಳನಾಯಕನಿಗೆ ಆ ಹೆಸರು, ಆ ಗಡ್ಡ ಏಕೆ? ನಿರಪರಾಧಿಯಾಗಿದ್ದರೆ ಅವನ ಗತಿಯೇನಾಗುತ್ತಿತ್ತು? ಹತ್ತು ವರ್ಷದ ಮಗುವೂ ಈ ಪ್ರಶ್ನೆಗಳಿಗೆ ಉತ್ತರಿಸಬಲ್ಲುದು. ಸಭ್ಯವಾದ ಅಣಕು ಚಿತ್ರ ಸಿಕ್ಕಿದರೆ ಮನೆಮಂದಿಯೆಲ್ಲ ನೋಡಿ ಮನಸಾರೆ ನಗಿರಿ. ಮಸೀದಿಗಳ ಖತೀಬರು ಸಿನೆಮಾ ಹರಾಮ್ ಎಂಬ ಒಂದು ವಾಕ್ಯದ ಬದಲು ಅಲ್ ಹುಜುರಾತ್‌ನ ಆ ಮೂರು ಸೂಕ್ತಗಳ ಮೇಲೆ ಮೂರು ಶುಕ್ರವಾರ ಮಾತಾಡಲಿ. ಜಮಾಅತ್ ಕಮಿಟಿಗಳು ಹೆಣ್ಣುಮಕ್ಕಳನ್ನು ಹಿಂಬಾಲಿಸಿ ವೀಡಿಯೊ ಮಾಡುವವರನ್ನು ಕರೆದು ಎಚ್ಚರಿಸಲಿ, ಕೇಳದಿದ್ದರೆ ಪೊಲೀಸರಿಗೆ ದೂರು ಕೊಡಲಿ. ದೂರು ಕೊಡುವ ಆ ತಾಯಿತಂದೆಯರ ಜೊತೆ ನಿಲ್ಲಲಿ.

ನಮ್ಮನ್ನು ಸಂಶಯದಿಂದ ನೋಡಬೇಡಿರೆಂದು ದೇಶವನ್ನು ಕೇಳುವ ಹಕ್ಕು ನಮಗಿದೆ. ಡಾ. ಹನೀಫ್‌ರಿಗೆ ಆದದ್ದು ಇನ್ನಾರಿಗೂ ಆಗಬಾರದೆಂದು ಗಟ್ಟಿಯಾಗಿ ಹೇಳಲೇಬೇಕು. ಆದರೆ ಸ್ವಂತ ಬೀದಿಯಲ್ಲಿ ನೆರೆಯವರ ಕಿಟಕಿಗೆ ಕಣ್ಣು ಹಚ್ಚಿದವನ ಬಾಯಲ್ಲಿ ಆ ಬೇಡಿಕೆಗೆ ತೂಕವಿರುವುದಿಲ್ಲ. ಎಮ್ಮೆದೊಡ್ಡಿಯ ಹುಡುಗನ ಅಂಗೈಯಲ್ಲಿರುವ ಆ ಪುಟ್ಟ ಪರದೆಯ ಹಿಂದೆ ಒಂದು ಕ್ಯಾಮರಾ ಕೂಡಾ ಇದೆ. ಅದನ್ನು ಯಾರತ್ತ ತಿರುಗಿಸಬಾರದು ಎಂಬುದನ್ನು ಅವನಿಗೆ ಕಲಿಸುವುದು ನಮ್ಮ ಮನೆಗಳ ಕೆಲಸ. ಅದನ್ನು ಇಂದೇ ಆರಂಭಿಸೋಣ.